ಸೋಫಾ ಬರುವ ಹೊತ್ತು

ತುಪ್ಪದಲ್ಲಿ ರವೆ ಹುರಿಯುವ ವಾಸನೆ ಯಾರ ಮನೆಯ ಗುಟ್ಟನ್ನೂ ಉಳಿಸುವುದಿಲ್ಲ. ಇವತ್ತು ಈ ಮನೆಗೆ ಯಾರೋ ಬರುವವರಿದ್ದಾರೆ ಎಂದು ಬೀದಿಗೆಲ್ಲ ಸಾರಿಬಿಡುತ್ತದೆ. ಕಳೆದ ಭಾನುವಾರ ಚನ್ನರಾಯಪಟ್ಟಣದ ಒಂದು ಬೀದಿಯ ತಿರುವಿನಲ್ಲಿ, ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಾಗ ಅದು ನನ್ನ ಮೂಗಿಗೂ ಬಂತು. ಎದುರು ಸಾಲಿನ ಹಸಿರು ಗೇಟಿನ ಮನೆಯಿಂದ ಬರುತ್ತಿತ್ತು. ಯಾರೋ ಬರುವವರಿದ್ದಾರೆ ಎಂದೆನಲ್ಲ, ಆ ಬರುವವರು ನಾವೇ. ಹನ್ನೊಂದಕ್ಕೆ ಬರುತ್ತೇವೆಂದು ಹೇಳಿ, ಹತ್ತೂವರೆಗೇ ಬಂದು ಬೀದಿ ತುದಿಯಲ್ಲಿ ಕೂತಿದ್ದೆವು.

ಇದು ಆದದ್ದು ನನ್ನ ದೆಸೆಯಿಂದ. ನಾನು ಎಲ್ಲಿಗೆ ಹೊರಟರೂ ಮೊದಲೇ ಹೊರಡುವವಳು. ಬಸ್ಸು ಕೆಟ್ಟರೆ? ದಾರಿಯಲ್ಲಿ ಯಾವುದಾದರೂ ಮೆರವಣಿಗೆ ಅಡ್ಡ ಬಂದರೆ? ನನ್ನ ಚಪ್ಪಲಿಯ ಉಂಗುಷ್ಠವೇ ಕಿತ್ತುಹೋದರೆ? ಮದುವೆಗೆ ಹೋದರೆ ಚಪ್ಪರದವನು ಇನ್ನೂ ಗಳು ನೆಡುತ್ತಿರುತ್ತಾನೆ. ನಾನು ಹೋಗಿ ಖಾಲಿ ಕುರ್ಚಿಗಳ ನಡುವೆ ಬೀಗರಂತೆ ಕೂತುಬಿಡುತ್ತೇನೆ. ನಮ್ಮ ಯಜಮಾನರು ಇದನ್ನು ಸಹಿಸಿ ಸಹಿಸಿ ಈಗ ನನ್ನ ಜೊತೆ ಹೊರಡುವುದನ್ನೇ ಬಿಟ್ಟಿದ್ದಾರೆ. "ನಿನಗೆ ಸ್ವಂತ ಚಿಂತೆ ಸಾಲದೆ ಪಕ್ಕದ ಮನೆಯಿಂದ ಎರವಲು ತರುತ್ತೀಯ" ಎನ್ನುತ್ತಾರೆ.

ಎರವಲಿನ ಮಾತು ಬಂದದ್ದು ಒಳ್ಳೆಯದೇ ಆಯಿತು. "ಇನ್ನೇನು, ಹೋಗೇಬಿಡೋಣ" ಎಂದು ನಾನು ಏಳಲು ಹೋದಾಗ, ಜೊತೆಗಿದ್ದವಳು ಸೆರಗು ಹಿಡಿದು ಎಳೆದು ಕೂರಿಸಿದಳು. "ಸುಮ್ನೆ ಇನ್ನೊಂದು ಟೀ ಕುಡಿ. ಹನ್ನೊಂದೂಕಾಲಿಗೆ ಹೋಗೋಣ." ಅವಳು ಯಾರು, ಕೊಟ್ಟ ಹೊತ್ತಿಗೂ ಮೀರಿ ಯಾಕೆ ತಡಮಾಡಬೇಕು ಎನ್ನುವುದನ್ನು ಹೇಳಬೇಕಾದರೆ ಇನ್ನೊಂದು ಮನೆಯಲ್ಲಿ ರವೆ ಹುರಿದ ದಿನಕ್ಕೆ ನಿಮ್ಮನ್ನು ಕರೆದುಕೊಂಡು ಹೋಗಬೇಕು. ಟೀ ಬರುವವರೆಗೆ ಬನ್ನಿ.

ನನ್ನ ಅಕ್ಕನನ್ನು ಕೊಟ್ಟಿರುವುದು ಅರಕಲಗೂಡಿನಿಂದ ರುದ್ರಪಟ್ಟಣದ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಒಂದು ಹಳ್ಳಿಗೆ. ಭಾವ ಹೊಗೆಸೊಪ್ಪು, ಶುಂಠಿ, ಮುಸುಕಿನ ಜೋಳ ಬೆಳೆಯುತ್ತಾರೆ. ಒಬ್ಬಳೇ ಮಗಳು, ತನುಜಾ. ನಮಗೆಲ್ಲ ತನು. ನಾನು ಹಾಸನದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವವಳು. ಇಂಗ್ಲಿಷ್ ಹೇಳಿಕೊಡುವವಳಿಗೆ ಅಮೆರಿಕ ಅಂಗೈ ಮೇಲಿನ ಗೆರೆಯಂತೆ ಗೊತ್ತಿರುತ್ತದೆ ಎಂಬುದು ಭಾವನ ನಂಬಿಕೆ. ನಾನು ಮುಂಬೈಯನ್ನೇ ನೋಡಿದವಳಲ್ಲ.

ಎರಡನೆಯ ಪಿಯುಸಿಯಲ್ಲಿದ್ದಾಗ ತನು ತಾನೇ ಹುಡುಕಿ ಅಮೆರಿಕದ ಒಂದು ಸಣ್ಣ ಊರಿನ ಕಾಲೇಜಿಗೆ ಅರ್ಜಿ ಹಾಕಿದಳು. ಅವರ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ಲು ಸಿಗುತ್ತಿದ್ದದ್ದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಏಣಿಯ ಮೇಲೆ ಮಾತ್ರ. ಹುಡುಗಿ ಆ ಏಣಿಯ ಮೇಲೆ ಕೂತು, ಸೊಪ್ಪಿನ ಘಾಟಿಗೆ ಕೆಮ್ಮುತ್ತಾ, ಅರ್ಧ ಭೂಮಿಯಾಚೆಯ ಕಾಲೇಜಿನೊಂದಿಗೆ ವ್ಯವಹಾರ ಮಾಡಿದಳು. ಕಾಲೇಜಿನ ಮಾತು ಸರಳವಾಗಿತ್ತು: ನಿಮ್ಮನ್ನು ನಾವು ಆರಿಸಿಕೊಂಡರೆ, ಮನೆಯವರು ಕೈಲಾದಷ್ಟು ಕೊಡಲಿ; ಮಿಕ್ಕಿದ್ದು ನಮ್ಮದು.

"ಮಿಕ್ಕಿದ್ದು ನಮ್ದು ಅಂತ ಯಾವ ಬೀಗ್ರೂ ಅನ್ನಲ್ವಲ್ಲಾ!" ಎಂದು ಭಾವ ಬೆರಗಾದರು. ಯಾರೂ ಅದನ್ನು ಗಮನಿಸಲಿಲ್ಲ, ಆದರೆ ನಮ್ಮ ಮನೆ ಆ ಕಾಲೇಜನ್ನು ಗಂಡಿನ ಕಡೆಯವರೆಂದು ಭಾವಿಸಿದ್ದು ಆ ಗಳಿಗೆಯಲ್ಲೇ ಇರಬೇಕು.

ತನು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಹೇಳಿದಳು: "ಸಿಕ್ಕಿದ್ರೆ ಪೂರಾ ಸಿಗಬೇಕು ಚಿಕ್ಕಮ್ಮ. ಮುಕ್ಕಾಲು ಸಿಕ್ಕಿದ್ರೂ ಒಂದೇ, ಸಿಗದಿದ್ರೂ ಒಂದೇ. ಅಪ್ಪ ಜಮೀನು ಮುಟ್ಟೋಕೆ ಹೋಗಬಾರದು." ಹದಿನೇಳರ ಹುಡುಗಿ. ಬೇಕು ಎಂಬ ಆಸೆಯನ್ನು ಹಲ್ಲು ಕಚ್ಚಿ ಹಿಡಿದುಕೊಂಡಿದ್ದಳು, ಇನ್ನೂ ಹಣ್ಣಾಗದ ಸೀಬೆಕಾಯನ್ನು ಕಚ್ಚಿದವಳಂತೆ. ಅವತ್ತಿನಿಂದ ನನ್ನ ನಿದ್ದೆ ಹೋಯಿತು.

ಹಣಕಾಸಿನ ಫಾರಂ ತುಂಬಲು ನಾನು ಹೋಗಿ ಕೂತೆ. ಹಜಾರದಲ್ಲಿ ಚಾಪೆ, ಚಾಪೆಯ ಮೇಲೆ ಲ್ಯಾಪ್‌ಟಾಪು, ಸುತ್ತಲೂ ನಾವು. ಭಾವನ ತಾಯಿ, ಊರಿಗೆಲ್ಲ ಅಜ್ಜಿ, ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುತ್ತಿದ್ದರು.

"ಭಾವ, ವರ್ಷಕ್ಕೆ ವರಮಾನ ಎಷ್ಟು ಅಂತ ಬರೀಲಿ?"

"ನನ್ ಕೇಳಿದ್ರೆ ಏನ್ ಹೇಳ್ಲವ್ವ? ಶುಂಠಿನ ಕೇಳು."

"ಶುಂಠಿ ಇಂಗ್ಲಿಷ್ ಮಾತಾಡಲ್ಲ ಭಾವ."

"ಕನ್ನಡಾನೂ ಆಡಾಕಿಲ್ಲ ಅದು. ಒಂದ್ ವರ್ಸ ನಗ್ತದೆ, ಒಂದ್ ವರ್ಸ ಮಕ ತಿರುಗಿಸ್ಕತ್ತದೆ."

ಹೇಗೋ ಮೂರು ವರ್ಷದ್ದು ಸೇರಿಸಿ ಸರಾಸರಿ ಮಾಡಿದೆವು. ಮುಂದಿನ ಪ್ರಶ್ನೆಗಳು ಸುಲಭ. ಬೇರೆ ಮನೆ ಇದೆಯೆ? ಷೇರು ಇದೆಯೆ? ಕಾರು ಇದೆಯೆ? ನಾನು ಒಂದೊಂದನ್ನೇ ಒತ್ತುತ್ತಾ ಬಾಯಲ್ಲೂ "ಇಲ್ಲ, ಇಲ್ಲ, ಇಲ್ಲ" ಎನ್ನುತ್ತಿದ್ದೆ. ಅಜ್ಜಿಯ ಕೈ ನಿಂತಿತು.

"ಅದೇನವ್ವ ನಡುಮನೇಲಿ ಕುಂತ್ಕಂಡು ಇಲ್ಲ ಇಲ್ಲ ಅಂತೀಯ? ಲಕ್ಸ್ಮಿ ಕೇಳಿಸ್ಕಂಡ್ರೆ ಏನ್ ಗತಿ? ತುಂಬೈತೆ ಅನ್ನು."

ನಿಮಗೂ ಗೊತ್ತಿರುವುದೇ. ಡಬ್ಬದಲ್ಲಿ ಅಕ್ಕಿ ಮುಗಿದರೆ ನಮ್ಮ ಕಡೆ ಇಲ್ಲ ಎನ್ನುವುದಿಲ್ಲ, ತುಂಬಿದೆ ಎನ್ನುತ್ತೇವೆ. ಅಂಗಡಿಯವನಿಗೂ ಅದು ಅರ್ಥವಾಗಿ, ಅವನು ಅಳೆಯಲು ಶುರುಮಾಡುತ್ತಾನೆ. ಅಮೆರಿಕದವರಿಗೆ ಅರ್ಥವಾಗಬೇಕಲ್ಲ.

"ಅಜ್ಜಿ, ತುಂಬೈತೆ ಅಂತ ಬರೆದ್ರೆ ಅವರು ಒಂದು ಕಾಸೂ ಕೊಡೋದಿಲ್ಲ."

"ಇಲ್ಲ ಅಂತ ಹಲ್ ಗಿಂಜ್ದೋರ್ಗೆ ಯಾರವ್ವ ಕೊಟ್ಟವ್ರೆ? ಇದ್ದೋರ್ಗೆ ತಾನೆ ಎಲ್ರೂ ಕೊಡೋದು!"

ನಾನು ಮೂವತ್ತು ವರ್ಷದ ಬದುಕಿನಲ್ಲಿ ಕಂಡದ್ದನ್ನೆಲ್ಲ ನೆನೆದು ನೋಡಿದೆ. ಅಜ್ಜಿಯ ಮಾತಿಗೆ ಎದುರು ಉದಾಹರಣೆ ಒಂದೂ ಹೊಳೆಯಲಿಲ್ಲ. ಆದರೂ ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿದೆವು.

ಚಳಿ ಹಿಡಿಯುವ ಹೊತ್ತಿಗೆ ಇನ್ನೊಂದು ಮೇಲ್ ಬಂತು. ಆ ಕಾಲೇಜಿನಲ್ಲಿ ಓದಿ ಈಗ ಮೈಸೂರಿನಲ್ಲಿರುವ ನಿಶಾಂತ್ ಎಂಬವರು ಕಾಲೇಜಿನ ಪರವಾಗಿ ತನುವನ್ನು ಕಂಡು ಮಾತಾಡಿಸಿ, ತಮ್ಮ ಅಭಿಪ್ರಾಯ ಬರೆದು ಕಳಿಸುತ್ತಾರಂತೆ. ದೊಡ್ಡಗದ್ದವಳ್ಳಿಯ ದೇವಸ್ಥಾನ ನೋಡಲು ಆ ಕಡೆ ಬರುವವರಿದ್ದಾರೆ, ಹಾಸನದ ಯಾವುದಾದರೂ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಮಾತಾಡಬಹುದೆ ಎಂದು ಕೇಳಿದ್ದರು. ತನು ಅವರಿಗೆ ಫೋನು ಮಾಡಿದಾಗ ಭಾವ ಮಗಳ ಕೈಯಿಂದ ಅದನ್ನು ಕಸಿದುಕೊಂಡು ನೇರವಾಗಿ ಮಾತಾಡಿದರಂತೆ: "ಓಟ್ಲಾಗೆ ಕುಂತು ಮಾತಾಡಕ್ಕೆ ನಮ್ಮುಡುಗಿಗೆ ಮನೆ ಇಲ್ವಾ ಸಾ? ಮನೇಗೇ ಬಂದ್ಬುಡಿ."

ನಮ್ಮ ಕಡೆ ಹೆಣ್ಣಿನ ಮನೆಗೆ ಜನ ನೋಡಲು ಬರುತ್ತಾರೆಂದರೆ ಏನೇನು ನಡೆಯುತ್ತದೆ ಎಂಬುದಕ್ಕೆ ನಮ್ಮ ತವರನ್ನೇ ಉದಾಹರಣೆ ಕೊಡುತ್ತೇನೆ. ನಮ್ಮದು ಹೊಳೆನರಸೀಪುರದ ಪಕ್ಕ, ಹೊಳೆಯಾಚೆಯ ಊರು. ಅಕ್ಕನನ್ನು ನೋಡಲು ಇದೇ ಭಾವನ ಕಡೆಯವರು ಬಂದ ದಿನ ನಮ್ಮ ಕೊಟ್ಟಿಗೆಯಲ್ಲಿ ಎತ್ತುಗಳಿಗೆ ನಿಲ್ಲಲು ಜಾಗವಿರಲಿಲ್ಲ. ನಮ್ಮದು ಒಂದೇ ಜೊತೆ. ಮಿಕ್ಕವನ್ನು ಅಕ್ಕಪಕ್ಕದ ಮನೆಯವರು ಬೆಳಿಗ್ಗೆಯೇ ತಂದು ಕಟ್ಟಿ ಹೋಗಿದ್ದರು. ಕೇಳಬೇಕಾಗಿಯೂ ಇರಲಿಲ್ಲ. ಅವರ ಮನೆಯ ಹೆಣ್ಣು ನೋಡುವ ದಿನ ನಮ್ಮವು ಅಲ್ಲಿಗೆ ಹೋಗುತ್ತಿದ್ದವು. ಪಕ್ಕದ ಮನೆಯ ಯಜಮಾನರು ತಮ್ಮ ಜಗಲಿಯಲ್ಲಿ ಕೂತು ಒಮ್ಮೆ ಕೆಮ್ಮಿದರು ನೋಡಿ, ನಮ್ಮ ಕೊಟ್ಟಿಗೆಯಿಂದ ಒಂದು ಎತ್ತು ಹಗ್ಗ ಜಗ್ಗಿ ಅವರ ಮನೆಯ ಕಡೆಗೆ ತಿರುಗಿ ಅಂಬಾ ಎಂದಿತು. ಗಂಡಿನ ಕಡೆಯವರು ಕಾಫಿ ಲೋಟದಿಂದ ತಲೆಯೆತ್ತಲಿಲ್ಲ. ಮದುವೆಯಾದ ಮೇಲೆ ಭಾವ "ಅವತ್ ಕಂಡಿದ್ ಎತ್ತುಗಳು ಆಮ್ಯಾಕ್ ಕಾಣ್ನೇ ಇಲ್ವಲ್ಲಾ" ಎಂದು ಅಕ್ಕನನ್ನು ಕೆಣಕಿದರು. ಅಕ್ಕ ಬಿಡುವವಳೆ? "ನೀವು ಬಂದಿದ್ದ ಕಾರೂ ಆಮ್ಯಾಕ್ ಕಾಣ್ಲಿಲ್ಲ" ಎಂದಳು. ಅಲ್ಲಿಂದ ಆ ಸಂಸಾರ ಚೆನ್ನಾಗಿಯೇ ನಡೆಯಿತು.

ಹೀಗಿರುವಾಗ ಅಮೆರಿಕದ ಕಡೆಯವರು ಬಂದರೆ ನೆಲದ ಮೇಲೆ ಚಾಪೆ ಹಾಸುವುದೆ? ಭಾವನಿಗೆ ಅರಕಲಗೂಡಿನಲ್ಲಿ ಶಿವಲಿಂಗಣ್ಣ ಎಂಬ ಗೆಳೆಯರಿದ್ದರು, ಕಿರಾಣಿ ಅಂಗಡಿಯವರು. ಅವರ ಮನೆಯಲ್ಲಿ ಮರೂನ್ ಬಣ್ಣದ ಹೊಸ ಸೋಫಾ. "ತಗಂಡೋಗಪ್ಪ, ಆದ್ರೆ ಸಂಜೆಯೊಳಗೆ ತಂದ್ಬಿಡು. ನಾಳೆ ನಮ್ಮನೆಗೇ ಹೆಣ್ಣು ನೋಡೋಕೆ ಬರ್ತಾರೆ" ಎಂದರಂತೆ.

ನನಗೆ ಈ ಸುದ್ದಿ ತಿಳಿದದ್ದು ಅವತ್ತು ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಇಳಿದ ಮೇಲೆ. ಫಾರಂನಲ್ಲಿ ಇಲ್ಲ ಇಲ್ಲ ಎಂದು ಬರೆದಿದ್ದೇವೆ, ನೋಡಲು ಬರುವವನ ಕಣ್ಣಿಗೆ ಸೋಫಾ ತೋರಿಸುತ್ತೇವೆ! "ಭಾವ, ಬೇಡ" ಎಂದೆ. "ಮೇಡಮ್ಮೋರು ಇಂಗ್ಲೀಸ್ ನೋಡ್ಕಳಿ, ಮರ್ವಾದೆ ನಾವ್ ನೋಡ್ಕತೀವಿ" ಎಂದು ಅವರು ಟ್ರ್ಯಾಕ್ಟರ್ ಹತ್ತಿ ಹೊರಟೇಬಿಟ್ಟರು. ಚಿಂತೆ ಹತ್ತಿದಾಗ ನನ್ನ ಕೈಗೆ ಕೆಲಸ ಬೇಕು. ಅಡುಗೆಮನೆಗೆ ಹೋಗಿ ಕೇಸರಿಬಾತಿಗೆ ರವೆ ಹುರಿಯುತ್ತಾ ನಿಂತೆ.

ಇನ್ನು ಹೇಳುವುದರಲ್ಲಿ ಅರ್ಧ ಆಮೇಲೆ ಅವರಿವರಿಂದ ಕೇಳಿದ್ದು. ಕಾರಿನಲ್ಲಿ ಬರುವವರಿಗಾಗಿ ಊರಿಗೆ ಊರೇ ರಸ್ತೆಯತ್ತ ನೋಡುತ್ತಿದ್ದಾಗ, ಕೆಂಪು ಬಸ್ಸಿನಿಂದ ಒಬ್ಬ ಯುವಕ ಇಳಿದ. ಸುಕ್ಕಾದ ಅಂಗಿ, ಹೆಗಲಿಗೆ ಚೀಲ. ನೇರ ಮನೆಗೆ ಬಂದ. ಜಗಲಿಯಲ್ಲಿ ಅಜ್ಜಿ ಮತ್ತು ಅವರೆಕಾಯಿ.

"ನಮಸ್ಕಾರಮ್ಮ. ಮೈಸೂರಿಂದ ಬಂದಿದೀನಿ..."

"ಬೀಜದ ಕಂಪ್ನಿಯೋನು ತಾನೆ? ಇವತ್ತು ಮನೇಗೆ ದೊಡ್ ಮನುಸ್ರು ಬತ್ತಾವ್ರೆ ಕಣಪ್ಪ. ಕುಂತ್ಕ, ನೀರ್ ಕುಡಿ. ಅವ್ರು ಹೊಂಟೋದ್ಮೇಲೆ ಮಾತಾಡೀವಂತೆ."

ಮೈಸೂರಿನಿಂದ ಚೀಲ ಹಾಕಿಕೊಂಡು ವಾರಕ್ಕೊಬ್ಬ ಬೀಜದ ಕಂಪನಿಯವನು ಬರುತ್ತಿದ್ದ ಮನೆ ಅದು. ಅಜ್ಜಿಯದೇನೂ ತಪ್ಪಿಲ್ಲ. ಆತ ಕೂತ. ಸುಮ್ಮನೆ ಕೂರಲಾರದೆ ನಾಲ್ಕು ಅವರೆಕಾಯಿಯನ್ನೂ ಸುಲಿದ. ಅಷ್ಟರಲ್ಲಿ ಟ್ರ್ಯಾಕ್ಟರ್ ಬಂತು. ಭಾವ ಒಂದು ಕಡೆ, ಡ್ರೈವರ್ ಮಂಜ ಒಂದು ಕಡೆ. ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತು.

"ವಾರೆ ಮಾಡ್ಲಾ ಮಂಜ, ವಾರೆ! ಅಯ್ಯೋ, ಗೀರ್ಬುಟ್ಟೀಯ ಕಣ್ಲಾ! ಏ ತಮ್ಮಾ, ನೋಡ್ತಾ ಕುಂತಿದೀಯಲ್ಲಾ, ಒಂದ್ ಕೈ ಹಾಕಪ್ಪ!"

ಆತ ಎದ್ದು ಚೀಲ ಇಳಿಸಿ ಕೈ ಹಾಕಿದ. ಮೂವರೂ ಏದುಸಿರು ಬಿಡುತ್ತಾ ಸೋಫಾವನ್ನು ಒಳಗೆ ತರುವಾಗ ಭಾವ, ಉಪಕಾರ ಮಾಡಿದವನಿಗೆ ವಿಷಯ ತಿಳಿಸುವುದು ಧರ್ಮವೆಂದುಕೊಂಡು, ಎಲ್ಲವನ್ನೂ ಒಪ್ಪಿಸಿಬಿಟ್ಟರು: "ಅಮೇರಿಕದ ಕಡೆಯೋರು ಬತ್ತಾವ್ರೆ ಕಣಪ್ಪ, ನಮ್ಮುಡುಗಿ ಮಾತಾಡ್ಸಕ್ಕೆ. ಇದು ಸಿವಲಿಂಗಣ್ಣುಂದು. ಸಂಜೀಕೆ ವಾಪಸ್ ಕೊಡ್ಬೇಕು, ಉಸಾರು!"

ಆಗ ತನು ಕೋಣೆಯಿಂದ ಹೊರಗೆ ಬಂದಳು. ಅವರ ಫೋಟೋವನ್ನು ಅವಳು ಮೇಲ್‌ನಲ್ಲಿ ನೋಡಿದ್ದಳು.

"ಅಪ್ಪಾ..." ಎಂದಳು. "ಅವರೇ ಅವರು."

ಭಾವನ ಕಡೆಯ ತುದಿ ದಪ್ಪೆಂದು ನೆಲಕ್ಕೆ ಬಿತ್ತು. ಆ ಸದ್ದಿಗೆ ನಾನು ಸೌಟು ಹಿಡಿದೇ ಓಡಿಬಂದೆ. ಹಜಾರದ ನಡುವೆ ಮರೂನ್ ಸೋಫಾ; ಅದರ ಇನ್ನೊಂದು ತುದಿಯನ್ನು ಇನ್ನೂ ಕೆಳಗಿಡದೆ ಹಿಡಿದು ನಿಂತ ಯುವಕ. "ಸಾರಿ, ಬೇಗ ಬಂದ್ಬಿಟ್ಟೆ. ಬಸ್ಸು ಇದೊಂದೇ ಇತ್ತು" ಎಂದ ಆತ. ಭಾವ ಹೆಗಲ ಟವಲ್ಲಿನಿಂದ ಮುಖ ಒರೆಸಿದರು, ಒರೆಸುತ್ತಲೇ ಇದ್ದರು, ಟವಲ್ಲು ತೆಗೆಯಲು ಅವರಿಗೆ ಧೈರ್ಯವಿರಲಿಲ್ಲ. ತನುವಿನ ಕಣ್ಣಲ್ಲಿ ನೀರು ತುಂಬಿತ್ತು. ಒಳಗೆ ರವೆ ಸೀದ ವಾಸನೆ. ಮುಗಿಯಿತು, ಇನ್ನು ನೆರವೂ ಇಲ್ಲ, ಸೀಟೂ ಇಲ್ಲ ಎಂದು ನನಗೆ ಖಚಿತವಾಯಿತು.

ಜಗಲಿಯಿಂದ ಅಜ್ಜಿ ಮೊರ ಹಿಡಿದು ಒಳಗೆ ಬಂದರು. ಎಲ್ಲರನ್ನೂ ಒಂದು ಸುತ್ತು ನೋಡಿದರು.

"ಯಾಕಪ್ಪ ನಿಂತಿದೀಯ? ನೀನೇ ಹೊತ್ಕಂಬಂದಿದೀಯ, ನೀನೇ ಕುಂತ್ಕ. ನಿನ್ ಬುಟ್ರೆ ಇನ್ಯಾರ್ಗೈತೆ ಹಕ್ಕು?"

ಮೊದಲು ನಕ್ಕವನು ಮಂಜ. ಆಮೇಲೆ ಆ ನಿಶಾಂತ್. ಆಮೇಲೆ ಟವಲ್ಲಿನ ಹಿಂದಿನಿಂದ ಭಾವ. ತನು ಕಣ್ಣೊರೆಸಿಕೊಂಡು ನಕ್ಕಳು. ನಾನೊಬ್ಬಳು ನಗಲಿಲ್ಲ, ನಾನು ಯಾವಾಗಲೂ ಎಲ್ಲರಿಗಿಂತ ಮೊದಲು ಬರುವವಳಾದರೂ ನಗೆಗೆ ಮಾತ್ರ ತಡ.

ತಿಂಗಳುಗಟ್ಟಲೆ ನಾನು ತನುವಿಗೆ ಬಾಯಿಪಾಠ ಮಾಡಿಸಿದ್ದ ಉತ್ತರಗಳು ಅವತ್ತು ಒಂದೂ ಹೊರಗೆ ಬರಲಿಲ್ಲ. ಆತ ನಿಮ್ಮ ಮನೆಯ ಬಗ್ಗೆ ಹೇಳಿ ಎಂದ. ಅವಳು ಎರವಲು ಎತ್ತುಗಳ ಕಥೆ ಹೇಳಿದಳು. ಮನೆಯ ಮಾನವನ್ನೆಲ್ಲ ಇಂಗ್ಲಿಷಿನಲ್ಲಿ ತೆಗೆದಿಡುತ್ತಿದ್ದಾಳಲ್ಲ ಎಂದು ನಾನು ಅಡುಗೆಮನೆಯ ಬಾಗಿಲ ಹಿಂದೆ ಹೊಸ ರವೆ ಹುರಿಯುತ್ತಾ ಒದ್ದಾಡಿದೆ. ಮಾತು ಎಲ್ಲಿಂದಲೋ ಶುಂಠಿಗೆ ಹೋಯಿತು. ಒಂದು ಸಲ ಶುಂಠಿ ಬೆಳೆದ ಹೊಲ ಮರುವರ್ಷ ಯಾಕೆ ಗಡ್ಡೆಯನ್ನು ಕೊಳೆಸುತ್ತದೆ, ಮಣ್ಣಿನೊಳಗೆ ಏನಾಗುತ್ತದೆ, ಅದನ್ನು ಓದಬೇಕು ಎಂದಳು. ಅದು ನಾನು ಕಲಿಸಿದ್ದಲ್ಲ. ಅವಳಿಗೆ ಅಂಥದೊಂದು ಪ್ರಶ್ನೆ ಇದೆ ಎಂದು ನನಗೆ ಗೊತ್ತಾದದ್ದೂ ಆಗಲೇ.

ಹೊರಡುವ ಮೊದಲು ಆತ ಅಜ್ಜಿಯನ್ನು ಕೇಳಿದ: "ಮೊಮ್ಮಗಳು ಅಷ್ಟು ದೂರ ಹೋದ್ರೆ ನಿಮಗೆ ಪರವಾಗಿಲ್ವಾ ಅಮ್ಮ?"

"ಶುಂಠಿ ಕಿತ್ತ ಒಲಕ್ಕೇ ಮತ್ತೆ ಶುಂಠಿ ಹಾಕ್ತಾರೇನಪ್ಪ? ಬ್ಯಾರೆ ಮಣ್ಣು ನೋಡ್ಬೇಕು. ಅದಿರ್ಲಿ, ನಿಮ್ ಮನೆದ್ಯಾವ್ರು ಯಾವ್ದು? ಮದ್ವೆ ಆಗೈತಾ?"

"ಅಜ್ಜೀ!" ಎಂದು ತನು ಕಿರುಚಿದಳು.

ಸೋಫಾ ಅರಕಲಗೂಡಿಗೆ ಹಿಂದಿರುಗಬೇಕಿತ್ತು. ಆತನಿಗೂ ಬಸ್ಸು ಅರಕಲಗೂಡಿನಿಂದಲೇ. ಆತನೇ ಒಂದು ತುದಿ ಹಿಡಿದು ಅದನ್ನು ಟ್ರ್ಯಾಕ್ಟರಿಗೆ ಏರಿಸಿದ. ನಿಂತು ಹೋಗುವುದೇಕೆಂದು ಭಾವ ಅದರ ಮೇಲೆಯೇ ಕೂರಿಸಿದರು. ಅಜ್ಜಿ ಕೊಟ್ಟ ಹಿದುಕಿದ ಅವರೆಬೇಳೆಯ ಪೊಟ್ಟಣ ತೊಡೆಯ ಮೇಲೆ. ಹೀಗೆ, ಶುಂಠಿ ಹೊಲಗಳ ನಡುವೆ, ಮರೂನ್ ಸೋಫಾದಲ್ಲಿ ಬೆನ್ನು ಒರಗಿಸಿ ಕೂತು, ಅಮೆರಿಕದ ಕಾಲೇಜು ಅಕ್ಕನ ಊರಿನಿಂದ ಹೊರಟುಹೋಯಿತು. ಹೊಲದಲ್ಲಿದ್ದವರು ಕುಡುಗೋಲು ನಿಲ್ಲಿಸಿ ನೋಡಿದರು. ಈಗಲೂ ಕಣ್ಣು ಮುಚ್ಚಿದರೆ ಆ ಟ್ರೈಲರಿನ ಹಿಂದೆ ಎದ್ದ ಧೂಳು ನನಗೆ ಕಾಣುತ್ತದೆ.

ಅಲ್ಲಿಂದ ಮುಂದಿನ ತಿಂಗಳುಗಳಲ್ಲಿ ನಾನು ಆತನ ವರದಿಯನ್ನು ಎಷ್ಟು ಸಲ ನನ್ನ ತಲೆಯಲ್ಲೇ ಬರೆದೆನೋ. "ಈ ಕುಟುಂಬ ಬಡತನವನ್ನು ಫಾರಂನಲ್ಲಿಯೂ 	ಶ್ರೀಮಂತಿಕೆಯನ್ನು ಟ್ರ್ಯಾಕ್ಟರಿನಲ್ಲಿಯೂ ಇಟ್ಟುಕೊಂಡಿದೆ." ಮಕ್ಕಳ ಉತ್ತರಪತ್ರಿಕೆ ತಿದ್ದುವಾಗಲೂ ಅದೇ. ಒಬ್ಬ ಹುಡುಗನಿಗೆ ಕಾರಣವಿಲ್ಲದೆ ಎರಡು ಅಂಕ ಹೆಚ್ಚು ಹೋಯಿತು ಎಂದು ಈಗ ಅನಿಸುತ್ತದೆ, ಅವನು ಪ್ರಬಂಧದಲ್ಲಿ ಸೋಫಾ ಎಂದು ಬರೆದಿದ್ದ.

ಯುಗಾದಿ ಹತ್ತಿರ ಬಂದಿತ್ತು. ಶಾಲೆಯಲ್ಲಿದ್ದಾಗ ಫೋನು ಬಂತು. ಗಾಳಿಯ ಸದ್ದಿನಿಂದಲೇ ತನು ಬ್ಯಾರನ್ನಿನ ಏಣಿಯ ಮೇಲಿದ್ದಾಳೆಂದು ಗೊತ್ತಾಯಿತು.

"ಚಿಕ್ಕಮ್ಮ, ಬಂತು."

"ಏನು ಬಂತು? ಸೀಟಾ, ನೆರವಾ?"

"ಎರಡೂ. ಪೂರಾ."

"ಸರಿಯಾಗಿ ಓದಿದೆಯಾ? ಇನ್ನೊಂದ್ಸಲ ಓದು. ಮೊದಲು ಆ ಏಣಿಯಿಂದ ಕೆಳಗಿಳಿ!" ಎಂದೆ. ನನ್ನ ಬಾಯಿಂದ ಬಂದ ಶುಭಾಶಯ ಅದು. ಅಜ್ಜಿಯದು ಇನ್ನೂ ಚೆನ್ನಾಗಿತ್ತಂತೆ: "ಮೊದ್ಲು ಸಿವಲಿಂಗಣ್ಣನ ಮನೇಗೆ ಓಗಿ ಒಂದ್ ಕಾಯಿ ಕೊಟ್ಬುಟ್ಟು ಬಾ."

ಆತ ಏನು ಬರೆದಿದ್ದನೋ ನಮಗೆ ಯಾರಿಗೂ ತಿಳಿಯಲಿಲ್ಲ. ಶಿವಲಿಂಗಣ್ಣನ ಮಗಳಿಗೂ ಮರುದಿನ ನೋಡಲು ಬಂದಿದ್ದ ಗಂಡೇ ಗೊತ್ತಾಯಿತು. ಸೋಫಾಕ್ಕೆ ಒಳ್ಳೆಯ ಹೆಸರು ಬಂದು, ಅದು ಅರಕಲಗೂಡಿನ ಸುತ್ತಮುತ್ತ ಬಹಳ ಮನೆ ತಿರುಗಿತೆಂದು ಕೇಳಿದ್ದೇನೆ.

ಟೀ ಬಂತು. ಜೊತೆಗಿದ್ದವಳು ತನುವೇ ಎಂದು ನಿಮಗೆ ಈಗಾಗಲೇ ತಿಳಿದಿರಬೇಕು. ಓದು ಮುಗಿಸಿ, ಅಲ್ಲೇ ಮಣ್ಣಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಾ, ತಿಂಗಳ ರಜೆಗೆ ಬಂದಿದ್ದಾಳೆ. ಚನ್ನರಾಯಪಟ್ಟಣದ ಒಬ್ಬ ಹುಡುಗಿ ಅರ್ಜಿ ಹಾಕಿದ್ದಾಳೆ, ಕಂಡು ಮಾತಾಡಿಸಿ ಬರೆದು ಕಳಿಸುತ್ತೀರಾ ಎಂದು ಕಾಲೇಜು ಕೇಳಿತಂತೆ. ಹುಡುಗಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಬರುತ್ತೇನೆಂದಳಂತೆ. ಆಮೇಲೆ ಅವಳಪ್ಪ ಫೋನು ತೆಗೆದುಕೊಂಡು ಮನೆಗೇ ಬನ್ನಿ ಎಂದರಂತೆ.

"ತಡ ಮಾಡಿದ್ರೆ ತಪ್ಪು ತಿಳ್ಕೊಳ್ಳಲ್ವೇನೇ?" ಎಂದು ಕೇಳಿದೆ.

ತನು ಗಾಜಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅಂಗೈ ಕಾಯಿಸಿಕೊಳ್ಳುತ್ತಿದ್ದಳು. "ಅವತ್ತು ಅವರು ಬೇಗ ಬಂದಿದ್ದು ಒಳ್ಳೇದೇ ಆಯ್ತು ಚಿಕ್ಕಮ್ಮ. ಆದ್ರೆ ಎಲ್ಲರ ಮನೇಲೂ ನಮ್ಮಜ್ಜಿ ಇರಲ್ವಲ್ಲ."

ಅಜ್ಜಿ ಹೋದ ವರ್ಷ ಮಳೆಗಾಲಕ್ಕೆ ಮೊದಲು ಹೋದರು. ಆಕೆಯ ವಿಷಯದಲ್ಲಿ ಇಲ್ಲ ಎಂಬ ಮಾತು ನನಗೆ ಇವತ್ತಿಗೂ ಬಾಯಿಗೆ ಬರುವುದಿಲ್ಲ.

ಹನ್ನೊಂದು ದಾಟಿತು. ನಾನು ಎರಡು ಸಲ ಎದ್ದು ಮತ್ತೆ ಕೂತೆ. ಆಗ ಬೀದಿಯೊಳಗೆ ಒಂದು ಲಗೇಜ್ ಆಟೋ ಬಂತು. ಹಿಂದುಗಡೆ ಬೆಡ್‌ಶೀಟ್ ಮುಚ್ಚಿದ ಉದ್ದನೆಯ ವಸ್ತು. ಬೆಡ್‌ಶೀಟಿನಿಂದ ಹೊರಗೆ ಒಂದು ಮರದ ಕಾಲು. ಅದು ಹಸಿರು ಗೇಟಿನ ಮುಂದೆ ನಿಂತಿತು. ತನು ಮೆಲ್ಲಗೆ ಟೀ ಅಂಗಡಿಯ ಗೋಡೆಯ ಕಡೆಗೆ ತಿರುಗಿ ಅಲ್ಲಿದ್ದ ಕ್ಯಾಲೆಂಡರನ್ನು ಓದತೊಡಗಿದಳು. ನಾನೂ ಬೆನ್ನು ಮಾಡಿ ಕೂತೆ. "ವಾರೆ ಮಾಡ್ರಪ್ಪಾ, ವಾರೆ!" ಎಂದು ಹಿಂದಿನಿಂದ ಯಾರದೋ ಪಿಸುಗುಟ್ಟುವ ಕೂಗು ಕೇಳಿಸಿತು.

ಖಾಲಿ ಆಟೋ ಹೋದ ಮೇಲೂ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಎದ್ದೆವು. ತಡವಾಗಿ ಹೋಗುವುದರಲ್ಲಿ ಇಷ್ಟು ಸುಖವಿದೆ ಎಂದು ನನಗೆ ಇಷ್ಟು ವಯಸ್ಸಾದ ಮೇಲೆ ತಿಳಿಯಿತು.

ಬಾಗಿಲಲ್ಲಿ ಅಪ್ಪ, ಅಮ್ಮ, ಇಬ್ಬರ ಹಿಂದೆ ಹಣೆಯಲ್ಲಿ ಬೆವರೊಡೆದ ಹುಡುಗಿ. "ಸಾರಿ, ಬಸ್ಸು ತಡವಾಯ್ತು" ಎಂದಳು ತನು. ನೀಲಿ ಬಣ್ಣದ ಸೋಫಾ ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿತ್ತು. ಆದರೆ ಅದರ ಒಂದು ಕಾಲಿಗೆ, ಆಟೋದಲ್ಲಿ ಬಿಗಿದು ಕಟ್ಟಿದ್ದ ಹಸಿರು ಪ್ಲಾಸ್ಟಿಕ್ ಹಗ್ಗದ ತುಂಡು ಇನ್ನೂ ಸುತ್ತಿಕೊಂಡಿತ್ತು. ಹುಡುಗಿಯ ಅಮ್ಮ ಅದನ್ನು ಆಗಷ್ಟೇ ನೋಡಿದರು. ಕೇಸರಿಬಾತಿನ ತಟ್ಟೆ ಹಿಡಿದ ಕೈ ಅಲ್ಲೇ ನಿಂತಿತು.

ನಾನು ಕೂರುವಾಗ ಸೀರೆಯ ನೆರಿಗೆ ಸರಿಮಾಡುವವಳಂತೆ ಬಗ್ಗಿ, ಆ ಹಗ್ಗವನ್ನು ಕಾಲ್ಬೆರಳಿನಿಂದ ಮೆಲ್ಲಗೆ ಸೋಫಾದ ಅಡಿಗೆ ತಳ್ಳಿದೆ.